ಅಭಿಮಾನವೂ ಆತ್ಮವಿಮರ್ಶೆಯೂ

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯಲ್ಲಿ ಬಾದಾಮಿ ಚಾಲುಕ್ಯರ ಪಾಠ ನಡೆದಿತ್ತು. ಇಮ್ಮಡಿ ಪುಲಕೇಶಿಯು ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿಯನ್ನು ಹೇಳುತ್ತಿದ್ದಂತೆ ಮಕ್ಕಳ ಮುಖಗಳು ಅರಳಿದವು. “ನಮ್ಮವರು ಗೆದ್ದರು!” ಎಂದು ಹಿಂದಿನ ಸಾಲಿನಿಂದ ಒಬ್ಬನು ಉದ್ಗರಿಸಿದನು. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ವಶಪಡಿಸಿಕೊಂಡನೆಂಬ ಮುಂದಿನ ವಾಕ್ಯವನ್ನು ನಾನು, ಎಂದಿನಂತೆ, ಅವಸರದಲ್ಲಿ ಓದಿ ಮುಗಿಸಿದೆನು. ಆಗ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಗೆದ್ದವರು ನಮ್ಮವರಾದರೆ ಸೋತವರು ಯಾರವರು?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು ಪಾಠವನ್ನು ಮುಂದುವರಿಸಿದೆನು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದು ಕೊಡದೆ ಹೋದ ಉತ್ತರವನ್ನು ಇಂದು ಈ ವಾರ್ಷಿಕ ಸಂಚಿಕೆಯ ಮೂಲಕ ಕೊಡಲು ಯತ್ನಿಸುತ್ತಿದ್ದೇನೆ.

1. ಪದಗಳ ವಿವೇಚನೆ

ಅಭಿಮಾನವೆಂಬ ಪದ ವಿಚಿತ್ರವಾದುದು. ತನ್ನದೆಂಬ ಪ್ರೀತಿಗೂ ಅದೇ ಹೆಸರು, ತಾನೆಂಬ ಅಹಂಕಾರಕ್ಕೂ ಅದೇ ಹೆಸರು. ಆದುದರಿಂದಲೇ ನಮ್ಮವರು ಅದರ ಹಿಂದೆ ಒಂದೊಂದು ಉಪಸರ್ಗವನ್ನು ಸೇರಿಸಿ ದುರಭಿಮಾನ, ನಿರಭಿಮಾನ ಎಂಬ ಬೇರೆ ಪದಗಳನ್ನು ಮಾಡಿಕೊಂಡರು. ಆತ್ಮವಿಮರ್ಶೆಗೂ ಹೀಗೆಯೇ ಒಂದು ಅಡ್ಡಹಾದಿಯುಂಟು, ಅದು ಆತ್ಮನಿಂದೆ. ಮೇಲ್ನೋಟಕ್ಕೆ ಇವೆರಡೂ ಒಂದೇ ಬಗೆಯವೆಂದು ತೋರುತ್ತವೆ. ಎರಡರಲ್ಲಿಯೂ ನಾವು ನಮ್ಮ ದೋಷವನ್ನೇ ಹೇಳಿಕೊಳ್ಳುತ್ತೇವೆ. ಆದರೆ ಆತ್ಮವಿಮರ್ಶೆಯು ಒಂದು ಕಾರ್ಯದಲ್ಲಿ ಮುಗಿಯುತ್ತದೆ. ಆತ್ಮನಿಂದೆಯು ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತದೆ. “ಈ ಲೆಕ್ಕ ತಪ್ಪಾಯಿತು, ಮತ್ತೆ ಮಾಡುತ್ತೇನೆ” ಎನ್ನುವ ವಿದ್ಯಾರ್ಥಿ ಮೊದಲನೆಯವನು. “ನನ್ನ ಹಣೆಬರಹವೇ ಇಷ್ಟು” ಎಂದು ಸ್ಲೇಟನ್ನು ಕೆಳಗಿಡುವವನು ಎರಡನೆಯವನು.

ದುರಭಿಮಾನಕ್ಕೂ ಆತ್ಮನಿಂದೆಗೂ ನಮ್ಮ ಹಿರಿಯರು ಒಂದೊಂದು ಗಾದೆಯನ್ನು ಮೀಸಲಾಗಿ ಇಟ್ಟಿದ್ದಾರೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣವನ್ನು ತೋರಿಸುವುದು ದುರಭಿಮಾನ. ಹಿತ್ತಲ ಗಿಡ ಮದ್ದಲ್ಲವೆನ್ನುವುದು ಆತ್ಮನಿಂದೆ. ಇವೆರಡರ ನಡುವಣ ಇಕ್ಕಟ್ಟಾದ ಹಾದಿಯೇ ಈ ಪಾಠದ ವಿಷಯ.

2. ಎರಡು ನೆರೆನಾಡುಗಳ ನಿದರ್ಶನ

ಮೊದಲು ದೂರದ ಉದಾಹರಣೆಯನ್ನು ನೋಡೋಣ. ದೂರದಲ್ಲಿರುವುದನ್ನು ಸಮಚಿತ್ತದಿಂದ ನೋಡುವುದು ಸುಲಭ. ಉತ್ತರ ಅಮೆರಿಕಾ ಖಂಡದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವೂ ಕೆನಡಾವೂ ಅತಿ ದೀರ್ಘವಾದ ಗಡಿಯನ್ನು ಹಂಚಿಕೊಂಡಿವೆ. ಅಮೆರಿಕಾದವರು 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯನ್ನು ವರ್ಷವರ್ಷವೂ ಸಂಭ್ರಮದಿಂದ ಆಚರಿಸುತ್ತಾರೆ. ಮಾನವರೆಲ್ಲರೂ ಸಮಾನರೆಂಬುದು ಆ ಘೋಷಣೆಯ ಸಾರ. ಆದರೆ ಅದನ್ನು ಸಾರಿದ ನಾಡಿನಲ್ಲಿ ಲಕ್ಷಾಂತರ ಮಂದಿ ಗುಲಾಮರಾಗಿದ್ದರು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ಮಹಾವಾಗ್ಮಿಯೆನಿಸಿದ ಫ್ರೆಡರಿಕ್ ಡಗ್ಲಸನು 1852ರ ಜುಲೈ 5ರಂದು ರೋಚೆಸ್ಟರ್ ನಗರದಲ್ಲಿ ಮಾತನಾಡಿ, ಈ ಹಬ್ಬವು ಗುಲಾಮನಿಗೆ ಏನನ್ನು ಹೇಳುತ್ತದೆಂದು ಸಭಿಕರನ್ನೇ ಪ್ರಶ್ನಿಸಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅವನು ಘೋಷಣೆಯನ್ನು ಹರಿದೊಗೆಯಿರೆಂದು ಹೇಳಲಿಲ್ಲ. ಅದರ ಮಾತಿಗೆ ತಕ್ಕಂತೆ ನಡೆಯಿರೆಂದು ಹೇಳಿದನು. ಅಂತರ್ಯುದ್ಧದ ಅನಂತರ 1865ರಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆದರೂ ಸಮಾನತೆ ಕೈಗೂಡಲಿಲ್ಲ. ನೂರು ವರ್ಷಗಳ ತರುವಾಯ ಮಾರ್ಟಿನ್ ಲೂಥರ್ ಕಿಂಗರು ಅದೇ ಘೋಷಣೆಯನ್ನು ಮತ್ತೆ ಸಾಲಪತ್ರದಂತೆ ನಾಡಿನ ಮುಂದಿಡಬೇಕಾಯಿತು.

ಕೆನಡಾದ ಅಭಿಮಾನದ ರೀತಿ ಬೇರೆ. 1867ರ ಜುಲೈ 1ರಂದು ರೂಪುಗೊಂಡ ಆ ಒಕ್ಕೂಟದ ಜನರಿಗೆ ಬಲಾಢ್ಯ ನೆರೆಯವನ ಮುಂದೆ ತಮ್ಮತನವನ್ನು ಕಾಣಿಸಬೇಕೆಂಬ ಹಂಬಲ ಸಹಜವಾಗಿ ಬೆಳೆಯಿತು. ಗುಲಾಮಗಿರಿಯಿಂದ ಓಡಿಬಂದವರಿಗೆ ತಾವು ಆಶ್ರಯ ಕೊಟ್ಟೆವೆಂಬುದು ಅವರ ಹೆಮ್ಮೆ. ಅದು ಸತ್ಯ. ಆದರೆ 1834ರಲ್ಲಿ ಬ್ರಿಟಿಷ್ ಶಾಸನದಿಂದ ನಿಲ್ಲುವವರೆಗೆ ಗುಲಾಮಗಿರಿ ಅವರ ನೆಲದಲ್ಲಿಯೂ ಇದ್ದಿತೆಂಬುದೂ ಅಷ್ಟೇ ಸತ್ಯ. ಮೊದಲನೆಯ ಸತ್ಯದ ಬೆಳಕಿನಲ್ಲಿ ಎರಡನೆಯದು ಬಹುಕಾಲ ಮಸುಕಾಗಿತ್ತು. ನೆರೆಯವನಿಗಿಂತ ತಾನು ಮೇಲೆಂಬ ಹೆಮ್ಮೆಯಲ್ಲಿ ಇರುವ ಅಪಾಯ ಇದೇ. ಅಂತಹ ಹೆಮ್ಮೆಗೆ ನೆರೆಯವನ ತಪ್ಪೇ ಆಹಾರ. ತನ್ನ ತಪ್ಪನ್ನು ಹುಡುಕಲು ಅದಕ್ಕೆ ಬಿಡುವಿಲ್ಲ.

ಭಾರತೀಯರಾದ ನಮಗೆ ಇನ್ನೊಂದು ಸಂಗತಿ ಹತ್ತಿರದ್ದು. 1914ರ ಮೇ ತಿಂಗಳಿನಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರನ್ನು ತಲುಪಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಕೆಲವರನ್ನು ಬಿಟ್ಟು ಉಳಿದವರಿಗೆ ದಡಕ್ಕಿಳಿಯಲು ಅನುಮತಿ ದೊರೆಯಲಿಲ್ಲ. ಎರಡು ತಿಂಗಳು ನೀರಿನ ಮೇಲೆಯೇ ಕಾದು ಹಡಗು ಹಿಂದಿರುಗಿತು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಶತಮಾನ ಕಳೆದ ಮೇಲೆ, 2016ರ ಮೇ 18ರಂದು, ಆಗಿನ ಪ್ರಧಾನಮಂತ್ರಿ ಜಸ್ಟಿನ್ ಟ್ರೂಡೊ ಅವರು ಪಾರ್ಲಿಮೆಂಟಿನಲ್ಲಿ ಕ್ಷಮೆ ಯಾಚಿಸಿದರು. ಅದಕ್ಕೂ ಮುಂಚೆ, 2008ರ ಜೂನ್ 11ರಂದು, ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ, ಅವರ ಮಾತೃಭಾಷೆಯನ್ನು ಬಿಡಿಸಿದ ವಸತಿಶಾಲೆಗಳ ಬಗ್ಗೆ ಅಲ್ಲಿಯ ಸರಕಾರ ಕ್ಷಮೆ ಕೇಳಿತ್ತು. ಸತ್ಯಶೋಧನೆಗಾಗಿ ನೇಮಕವಾದ ಆಯೋಗವು 2015ರಲ್ಲಿ 94 ಕರ್ತವ್ಯಗಳನ್ನು ಪಟ್ಟಿಮಾಡಿ ಕೊಟ್ಟಿತು. ಆ ಪಟ್ಟಿ ಎಷ್ಟರಮಟ್ಟಿಗೆ ಕೃತಿಗಿಳಿಯಿತೆಂದು ಕೇಳುವ ಧ್ವನಿಗಳು ಅಲ್ಲಿಯೇ ಎದ್ದಿವೆ. ಹಾಗೆ ಕೇಳುವವರೂ ಆ ನಾಡಿನ ಅಭಿಮಾನಿಗಳೇ ಸರಿ.

3. ನಮ್ಮ ಮೊದಲ ಗ್ರಂಥದ ಪಾಠ

ಇಷ್ಟಕ್ಕೆಲ್ಲ ಸಮುದ್ರ ದಾಟಬೇಕಾಗಿಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವೇ ಇದನ್ನು ಹೇಳಿದೆ. ಸುಮಾರು 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವಿದು. ಇದರ ಕರ್ತೃ ಶ್ರೀವಿಜಯನೆಂದು ವಿದ್ವಾಂಸರ ಅಭಿಪ್ರಾಯ. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡು ಕನ್ನಡ ನಾಡೆಂದು ಅದು ಹೇಳುತ್ತದೆ. ಓದು ಕಲಿಯದವರೂ ಕಾವ್ಯಪ್ರಯೋಗದಲ್ಲಿ ಬಲ್ಲವರೆಂದು ಇಲ್ಲಿಯ ಜನರನ್ನು ಹೊಗಳುತ್ತದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಈ ಮಾತುಗಳನ್ನು ಎಷ್ಟು ಸಾರಿ ಕೇಳಿಲ್ಲ!

ಆದರೆ ಆ ಹೊಗಳಿಕೆ ಬರುವುದು ಯಾವ ಅಧ್ಯಾಯದಲ್ಲಿ? ಪ್ರಥಮ ಪರಿಚ್ಛೇದದಲ್ಲಿ, ಅದರ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ಅಂದರೆ ಯಾವುದು ತಪ್ಪು, ಯಾವುದು ತಪ್ಪಲ್ಲವೆಂದು ತೀರ್ಮಾನಿಸುವ ಅಧ್ಯಾಯ. ನಾಡಿನ ಹಿರಿಮೆಯನ್ನು ಹಾಡಿದ ಉಸಿರಿನಲ್ಲಿಯೇ ಆ ಕವಿ ನಾಡಿನ ಕಬ್ಬಗಳ ದೋಷಗಳನ್ನು ಎಣಿಸಿದನು. ಕಣ್ಣು ತನ್ನಲ್ಲಿರುವ ಕಾಡಿಗೆಯನ್ನು ತಾನೇ ಕಾಣಲಾರದು; ಅಂತೆಯೇ ಮನುಷ್ಯನು ಏನು ಮಾಡಿದರೂ ತನ್ನ ದೋಷವನ್ನು ಕಾಣಲಾರನೆಂಬ ಉಪಮೆಯೂ ಅಲ್ಲಿಯೇ ಇದೆ. ಇನ್ನೊಂದೆಡೆ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಬಂಗಾರವೆನ್ನುತ್ತಾನೆ. ಕಾಡಿಗೆಯ ಉಪಮೆಯನ್ನು ಬಿಟ್ಟು ಕಾವೇರಿ ಗೋದಾವರಿಗಳನ್ನು ಮಾತ್ರ ಉರು ಹೊಡೆದವನು ಆ ಗ್ರಂಥವನ್ನು ಅರ್ಧ ಓದಿದಂತಾಯಿತು.

ಮುಂದೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರು, ಲೋಕವನ್ನು ತಿದ್ದಲು ಹೊರಟವರಿಗೆ ಮೊದಲು ತಮ್ಮ ತನುಮನಗಳನ್ನು ಸರಿಪಡಿಸಿಕೊಳ್ಳಲು ಹೇಳಿದರು. ಭಂಡಾರದ ಲೆಕ್ಕ ನೋಡುತ್ತಿದ್ದ ಅವರು ತಮ್ಮ ಅಂತರಂಗದ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಿಕೊಂಡರು. ಆತ್ಮವಿಮರ್ಶೆಯು ನಮಗೆ ಪರದೇಶದಿಂದ ಬಂದ ಪದಾರ್ಥವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ಬಾದಾಮಿಯೂ ಕಂಚಿಯೂ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಪುಲಕೇಶಿಯ ವಿಜಯಗಳನ್ನು ಬಣ್ಣಿಸಿ, ತನ್ನ ಕವಿತ್ವವನ್ನು ಕಾಳಿದಾಸ, ಭಾರವಿಗಳ ಸಾಲಿನಲ್ಲಿ ಇರಿಸಿಕೊಂಡನು. ಅದಾಗಿ ಎಂಟೇ ವರ್ಷಗಳಲ್ಲಿ ಬಾದಾಮಿ ಶತ್ರುವಶವಾಯಿತು. ಪುಲಕೇಶಿಯು ಹಿಂದೆ ಪಲ್ಲವರ ನಾಡಿನ ಮೇಲೆ ದಂಡೆತ್ತಿ ಹೋಗಿದ್ದನೆಂಬುದನ್ನು ನೆನೆದರೆ ಈ ಸೋಲಿನ ಕಾರಣದ ಒಂದು ಎಳೆ ಸಿಕ್ಕುತ್ತದೆ. ನರಸಿಂಹವರ್ಮನ ಶಾಸನವೊಂದು ಬಾದಾಮಿಯ ಬಂಡೆಯ ಮೇಲೆಯೇ ಇದೆ; ಅವನು ‘ವಾತಾಪಿಕೊಂಡ’ನೆಂದು ಹೆಸರಾದನು. ಗೆದ್ದ ಪುಲಕೇಶಿ ನಮ್ಮವನಾದಂತೆ ಸೋತ ಪುಲಕೇಶಿಯೂ ನಮ್ಮವನೇ. ಗೆಲುವಿನ ದಿನ ನಂಟಸ್ತಿಕೆ ಹೇಳಿ ಸೋಲಿನ ದಿನ ಮುಖ ತಿರುಗಿಸುವವನು ನಂಟನಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ನಿಲ್ಲಿಸಿದನು. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಸೇಡು ತೀರಿಸಿಕೊಳ್ಳುವ ಅವಕಾಶ ಒದಗಿತ್ತು. ಅವನು ಊರನ್ನು ಹಾಳುಮಾಡಲಿಲ್ಲ. ರಾಜಸಿಂಹೇಶ್ವರ ದೇವಾಲಯದ, ಎಂದರೆ ಇಂದಿನ ಕೈಲಾಸನಾಥನ ಗುಡಿಯ, ಐಶ್ವರ್ಯವನ್ನು ನೋಡಿ ಅದನ್ನು ಆ ದೇವರಿಗೇ ಮರಳಿಸಿದನು. ಈ ಸಂಗತಿಯನ್ನು ತಿಳಿಸುವ ಕನ್ನಡ ಶಾಸನವು ಕಂಚಿಯ ಆ ಗುಡಿಯಲ್ಲಿಯೇ ಇದೆ. ಅವನ ರಾಣಿ ಲೋಕಮಹಾದೇವಿಯು ಈ ವಿಜಯದ ನೆನಪಿಗಾಗಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷನೆಂದು ಹೆಸರಾದ ದೇವಾಲಯದಲ್ಲಿ ಕಂಚಿಯ ಶಿಲ್ಪದ ಪ್ರಭಾವವನ್ನು ತಜ್ಞರು ಗುರುತಿಸಿದ್ದಾರೆ. ಗೆದ್ದವರು ಸೋತವರಿಂದ ಕಲಿತರು! ಚಾಲುಕ್ಯರ ಮಹಿಮೆಯನ್ನು ಹೇಳುವಾಗ ನರ್ಮದೆಯ ಗೆಲುವಿಗಿಂತ ಈ ವಿನಯವನ್ನು ಮೊದಲು ಹೇಳಬೇಕೆಂದು ನನಗೆ ಈಗ ತೋರುತ್ತದೆ.

5. ನಡಿಗಡ್ಡೆಯ ಸಾಕ್ಷ್ಯ

ನಮ್ಮ ಉಂಡವಳ್ಳಿಯ ನೆರೆಯಲ್ಲಿಯೇ ಅಲಂಪುರವಿದೆ. ತುಂಗಭದ್ರೆಯ ದಡದ ನವಬ್ರಹ್ಮ ದೇವಾಲಯಗಳು ಅದೇ ಬಾದಾಮಿ ಚಾಲುಕ್ಯರ ಕಾಲದವು. ಅಲ್ಲಿಯ ಬಾಗಿದ ಶಿಖರಗಳನ್ನು ನೋಡಿದವರಿಗೆ ಔತ್ತರೇಯ ಶೈಲಿಯ ನೆನಪಾಗುತ್ತದೆ. ಉತ್ತರದವರನ್ನು ನರ್ಮದೆಯಲ್ಲಿ ತಡೆದ ಮನೆತನವೇ ಉತ್ತರದ ಶಿಖರವನ್ನು ತನ್ನ ನೆಲದಲ್ಲಿ ನಿಲ್ಲಿಸಿಕೊಂಡಿತು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಡಿಗಡ್ಡ ಪ್ರದೇಶಕ್ಕಾಗಿ ವಿಜಯನಗರದವರೂ ಬಹಮನಿಯವರೂ ತಲೆತಲಾಂತರ ಕಾದಾಡಿದರು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಗದ್ವಾಲ, ಅಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವೂ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರಲ್ಲಿ ಮಕ್ತಲ್ ಸೇರಿದ ನಾರಾಯಣಪೇಟೆ ಜಿಲ್ಲೆಯೂ ಉದಯಿಸಿದವು. ಗಡಿ ಇಷ್ಟು ಸಾರಿ ಸರಿದಾಡಿದರೂ ಮನೆಮಾತುಗಳು ಅವುಗಳ ಪಾಡಿಗೆ ಒಂದೇ ಬೀದಿಯಲ್ಲಿ ಉಳಿದವು.

ಇಂತಹ ಸ್ಥಳದಲ್ಲಿ ಕನ್ನಡದ ಅಭಿಮಾನವು ತೆಲುಗಿನ ನಿಂದೆಯಾಗಿ ತಿರುಗುವುದು ಬಹು ಸುಲಭ. ಅದು ಎಷ್ಟು ಅಸಂಬದ್ಧವೆಂಬುದನ್ನು ತೆಲಂಗಾಣದ ನೆಲವೇ ಹೇಳುತ್ತದೆ. ಆದಿಕವಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದುದು ಇದೇ ರಾಜ್ಯದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಪಂಪನ ತಮ್ಮ ಜಿನವಲ್ಲಭನು ಕುರಿಕ್ಯಾಲದ ಗುಡ್ಡದ ಮೇಲೆ ಕೆತ್ತಿಸಿದ ಹತ್ತನೆಯ ಶತಮಾನದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕನ್ನಡದವರು ಪಂಪನ ಮನೆತನದ ಚರಿತ್ರೆಗಾಗಿ ಆ ಬಂಡೆಗೆ ಋಣಿಗಳು. ತೆಲುಗಿನವರು ತಮ್ಮ ಅತಿ ಪ್ರಾಚೀನ ಕಂದಪದ್ಯಗಳಿಗಾಗಿ ಅದೇ ಬಂಡೆಗೆ ಋಣಿಗಳು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಕನ್ನಡದ ಶರಣನ ಕಥೆ ತೆಲುಗಿನಿಂದ ಮನೆಗೆ ಮರಳಿತು. 2008ರಲ್ಲಿ ಎರಡೂ ಭಾಷೆಗಳಿಗೆ ಶಾಸ್ತ್ರೀಯ ಸ್ಥಾನಮಾನ ಒಟ್ಟಿಗೇ ದೊರೆಯಿತು. ಗದ್ವಾಲದ ಸೀರೆಯನ್ನು ನೋಡಿರಿ: ಒಡಲು ಹತ್ತಿಯದು, ಅಂಚು ರೇಷ್ಮೆಯದು. ಅಂಚು ಒಡಲನ್ನು ಹಳಿದರೆ ಸೀರೆ ಉಳಿದೀತೆ?

6. ನಮ್ಮ ಲೆಕ್ಕ

ಹಾಗಾದರೆ ನಮ್ಮ ಕಣ್ಣಿನ ಕಾಡಿಗೆ ಯಾವುದು? ಶತಮಾನದ ಹಿಂದೆ ನಮ್ಮ ರೋಗ ಮರೆವಾಗಿತ್ತು. ಕನ್ನಡಿಗರಿಗೆ ತಮಗೊಂದು ಚರಿತ್ರೆಯಿದೆಯೆಂಬುದೇ ತಿಳಿದಿಲ್ಲವೆಂಬ ನೋವಿನಿಂದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ, 1911ರಲ್ಲಿ, ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣ ಮಾಡಿದರು. ಶೀರ್ಷಿಕೆಯಲ್ಲಿಯೇ ಎರಡೂ ಇವೆ: ಮಾತು ತಲೆ ತಗ್ಗಿಸಿದೆಯೆಂಬ ವಿಮರ್ಶೆ, ತಲೆಯೆತ್ತಬಲ್ಲುದೆಂಬ ಅಭಿಮಾನ. ‘ಬಗೆ’ ಎಂಬ ಪದವೇ ಕಾರ್ಯದ ದಾರಿಯನ್ನು ತೋರಿಸುತ್ತದೆ.

ಇಂದು ಗತವೈಭವ ಎಲ್ಲರಿಗೂ ಕಂಠಪಾಠವಾಗಿದೆ; ರೋಗ ಬೇರೆಯಾಗಿದೆ. ಕನ್ನಡಕ್ಕೆ ಎಂಟು ಜ್ಞಾನಪೀಠ ಪ್ರಶಸ್ತಿಗಳೆಂದು ಎಣಿಸಿ ಹೇಳುವ ನಾವು ಆ ಎಂಟು ಸಾಹಿತಿಗಳಲ್ಲಿ ಎಷ್ಟು ಮಂದಿಯ ಒಂದೊಂದು ಪುಸ್ತಕವನ್ನಾದರೂ ಓದಿದ್ದೇವೆ? ಏಕೀಕರಣವಾಯಿತೆಂದು ಹಿಗ್ಗಿದ ನಾಡು ತನ್ನ ಎಲ್ಲ ಭಾಗಗಳನ್ನೂ ಸಮನಾಗಿ ನೋಡಿತೆ? ಇಲ್ಲವೆಂದು ಆ ರಾಜ್ಯವೇ ನೇಮಿಸಿದ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಉತ್ತರ ಕೊಟ್ಟಿತು. ಅದು 114 ತಾಲ್ಲೂಕುಗಳನ್ನು ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು, ಎಂದರೆ ನಮ್ಮ ನೆರೆಯವು. ಮುಂದೆ ಸಂವಿಧಾನಕ್ಕೆ 371ಜೆ ವಿಧಿ ಸೇರಿ ಆ ಪ್ರದೇಶಕ್ಕೆ ವಿಶೇಷ ಸೌಲಭ್ಯ ದೊರೆಯಿತು. ಅಂಕಿಅಂಶಗಳೊಡನೆ ತನ್ನ ತಪ್ಪನ್ನು ತಾನೇ ಬರೆಸಿಕೊಂಡ ಈ ವರದಿಯನ್ನು ನಾನು ಅಭಿಮಾನದ ಗ್ರಂಥಗಳ ಸಾಲಿನಲ್ಲಿ ಇಡಬಯಸುತ್ತೇನೆ.

ಇತರರ ಮಾತಾಯಿತು, ಇನ್ನು ನನ್ನದು. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ ಅನ್ನ ಉಂಡವನು ನಾನು. ನನ್ನ ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳಿಸಿದೆನು. ಜೀವನೋಪಾಯದ ಚಿಂತೆ ನನ್ನನ್ನು ಹಾಗೆ ಮಾಡಿಸಿತು. ಅದನ್ನು ಅಪರಾಧವೆಂದು ಇಂದಿಗೂ ಹೇಳಲಾರೆನು. ಆದರೆ ಮನೆಯಲ್ಲಿ ಅವನಿಗೆ ಒಂದು ಕನ್ನಡ ಪುಸ್ತಕವನ್ನೂ ಓದಿ ಹೇಳಲಿಲ್ಲ. ಅದಕ್ಕೆ ಇಂಗ್ಲಿಷ್ ಅಡ್ಡ ಬಂದಿರಲಿಲ್ಲ, ತೆಲುಗು ಅಡ್ಡ ಬಂದಿರಲಿಲ್ಲ, ಸರಕಾರವೂ ಅಡ್ಡ ಬಂದಿರಲಿಲ್ಲ. ಇಂದು ಅವನು ನನ್ನ ಪತ್ರಗಳನ್ನು ಬೇರೊಬ್ಬರಿಂದ ಓದಿಸಿಕೊಳ್ಳುತ್ತಾನೆ. “ಕನ್ನಡಿಗರು ನಿರಭಿಮಾನಿಗಳು” ಎಂದು ಸಭೆಗಳಲ್ಲಿ ಹಲವು ಸಾರಿ ಮರುಗಿದ್ದೇನೆ. ಆ ಮರುಕ ಆತ್ಮನಿಂದೆಯೇ ಹೊರತು ವಿಮರ್ಶೆಯಲ್ಲ. ಎಲ್ಲರ ಮೇಲೆ ಹೊರಿಸಿದ ತಪ್ಪು ಯಾರ ಮೇಲೆಯೂ ಕೂರುವುದಿಲ್ಲ. ಈಚೆಗೆ ಮೊಮ್ಮಗಳಿಗೆ ಪ್ರತಿ ಭಾನುವಾರ ದೂರವಾಣಿಯಲ್ಲಿ ಒಂದು ಕಥೆ ಓದಿ ಹೇಳುತ್ತಿದ್ದೇನೆ. ಹನ್ನೆರಡು ಅಕ್ಷರ ಕಲಿತಿದ್ದಾಳೆ.

7. ಉಪಸಂಹಾರ

ಅಭಿಮಾನವಿಲ್ಲದವನು ಮಾಡುವ ವಿಮರ್ಶೆ ಪರಕೀಯನ ಟೀಕೆ. ಅದರಲ್ಲಿ ನೋವಿಲ್ಲ, ಆದುದರಿಂದ ಹೊಣೆಯೂ ಇಲ್ಲ. ವಿಮರ್ಶೆಯಿಲ್ಲದ ಅಭಿಮಾನ ಕೇವಲ ಜಯಘೋಷ. ಮೆರವಣಿಗೆ ಮುಗಿದೊಡನೆ ಅದೂ ಮುಗಿಯುತ್ತದೆ. ನಾಡು ನನ್ನದೆಂದವನಿಗೆ ಅದರ ಗುಡಿಗಳಂತೆಯೇ ಅದರ ಸಾಲಗಳೂ ಸೇರುತ್ತವೆ. ಮಗೂ, ಅಂದು ಸೋತವರೂ ನಮ್ಮವರೇ. ಅವರು ಏಕೆ ಸೋತರೆಂದು ಕೇಳುವ ಧೈರ್ಯ ನಿನಗಿತ್ತು, ನಿನ್ನ ಗುರುವಿಗಿರಲಿಲ್ಲ.

ವಿದ್ಯಾರ್ಥಿಗಳ ವಿಚಾರಕ್ಕಾಗಿ

(1) ಅಭಿಮಾನ, ದುರಭಿಮಾನಗಳಿಗೂ ಆತ್ಮವಿಮರ್ಶೆ, ಆತ್ಮನಿಂದೆಗಳಿಗೂ ಇರುವ ಭೇದವನ್ನು ನಿಮ್ಮ ಊರಿನ ಒಂದೊಂದು ಉದಾಹರಣೆಯಿಂದ ವಿವರಿಸಿರಿ.

(2) ಡಗ್ಲಸನು ಸ್ವಾತಂತ್ರ್ಯ ಘೋಷಣೆಯನ್ನು ತಿರಸ್ಕರಿಸದೆ ಅದರಂತೆ ನಡೆಯಿರೆಂದು ಏಕೆ ಹೇಳಿದನು?

(3) ಕಂಚಿಯ ಕನ್ನಡ ಶಾಸನವೂ ಕುರಿಕ್ಯಾಲದ ತ್ರಿಭಾಷಾ ಶಾಸನವೂ ನೆರೆಯವರೊಡನೆ ಬಾಳುವ ರೀತಿಯನ್ನು ಹೇಗೆ ಕಲಿಸುತ್ತವೆ?

(4) ನಿಮ್ಮ ಮನೆಯ ಭಾಷೆಗಾಗಿ ಈ ವಾರ ನೀವೇ ಮಾಡಬಹುದಾದ ಒಂದು ಕೆಲಸವನ್ನು ಬರೆಯಿರಿ. ಮುಂದಿನ ವಾರ ಅದನ್ನು ಮಾಡಿದಿರೋ ಇಲ್ಲವೋ ಎಂಬುದನ್ನೂ ಅದರ ಕೆಳಗೆ ಬರೆಯಿರಿ.